ಪೂರಿಯಾದ ಸೊನ್ನೆಗಳು

೯ ಜುಲೈ ೧೯೬೭

ಹದಿನೈದು ವರ್ಷ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆದೆ. ಬೆಳಗಾವಿಯ ಕಾನ್ವೆಂಟಿನ ಸಿಸ್ಟರುಗಳು ಹಚ್ಚಿದ ಚಟ. ಇವತ್ತಿನಿಂದ ಕನ್ನಡದಲ್ಲಿ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಬೈಯಲು ಹೋದರೆ ನಾನು ಸಭ್ಯಳಾಗಿಬಿಡುತ್ತೇನೆ, ಈಗ ಬೈಯುವುದು ಬಹಳ ಇದೆ.

ಮಧ್ಯಾಹ್ನ ತ್ರ್ಯಂಬಕ ಬಂದಿದ್ದ. ಮಾಳಮಡ್ಡಿಯ ನಮ್ಮ ಓಣಿಯಲ್ಲೇ ಬೆಳೆದವನು, ತಮ್ಮ ಯಜ್ಞೇಶ್ವರನ ಸಾಲಿಯ ಗೆಳೆಯ. ಈಗ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾನೆ. ಬೇಸಿಗೆಯಲ್ಲಿ ಮುಂಬಯಿಗೆ ಹೋಗಿ ಕಂಪ್ಯೂಟರ್ ಎಂಬ ಯಂತ್ರದ ತರಬೇತಿ ಪಡೆದು ಬಂದಿದ್ದಾನೆ. ಹೋಗುವಾಗ ಸಾಧಾರಣ ಮನುಷ್ಯನಾಗಿದ್ದ. ಬಂದ ಮೇಲೆ ಎರಡು ಮಾತಿಗೊಮ್ಮೆ ಅದರ ಹೆಸರು ತೆಗೆಯುತ್ತಾನೆ, ಹೊಸದಾಗಿ ಲಗ್ನವಾದವನು ಮಾವನ ಮನೆಯ ಸುದ್ದಿ ತೆಗೆದ ಹಾಗೆ.

“ಅಕ್ಕಾ, ಬುವಾ ಅವರದು ಆ ಪೂರಿಯಾ ರಾಗದ ಟೇಪ್ ಅದಲ್ರೀ, ಹುಬ್ಬಳ್ಳಿ ಅಡತಿ ಸಾಹುಕಾರರ ಮನ್ಯಾಗ ಹಾಡಿದ್ದು? ಅದರದೊಂದು ಚಿತ್ರಾ ಮಾಡೋಣು.”

“ಹಾಡಿದ ಅಪ್ಪನ ಚಿತ್ರಾ ಗೋಡಿ ಮ್ಯಾಲೆ ಅದ. ಹಾರ ಹಾಕೇವಿ.”

“ಹಾಡಿಂದ್ರೀ! ಒಂದೊಂದು ಸ್ವರಕ್ಕ ಒಂದೊಂದು ಅಂಕಿ. ಆ ಅಂಕಿ ಎಲ್ಲಾ ಕಾರ್ಡಿನ ಮ್ಯಾಲೆ ತೂತು ಹೊಡದು ಮಷೀನಿಗೆ ಉಣಿಸೋದು. ಯಾವ ಅಂಕಿಗೆ ಎಂಥಾ ಗುರ್ತು ಒತ್ತಬೇಕು ಅಂತ ನಾ ಒಂದು ಪ್ರೋಗ್ರಾಮು ಬರೀತೇನಿ. ಅದು ಕಾಗದದ ಮ್ಯಾಲೆ ಚಿತ್ರಾ ಒತ್ತಿ ಕೊಡ್ತದ.”

ಒಳಗಿನಿಂದ ಅವ್ವ ಕೇಳಿದಳು, “ಪ್ರೋಗ್ರಾಮು ಮುಂಬಯ್ಯಾಗೇನು? ಯಾರು ಹಾಡ್ಲಿಕ್ಕತ್ತಾರ?”

“ಹಾಡೋದಲ್ರೀ ಅಂಬಾಬಾಯಾರ. ಮಷೀನಿಗೆ ಹಿಂಗ ಮಾಡು, ಹಂಗ ಮಾಡು ಅಂತ ಹೇಳೋದು.”

“ಮಷೀನಿಗೆ ಹೇಳತೀಯಾ? ಛಲೋ ಆತು. ಮನ್ಯಾಗಿನ ಮಂದಿ ಅಂತೂ ಕೇಳಂಗಿಲ್ಲ.”

ಯಜ್ಞೇಶನಿಗೆ ಕೂತಲ್ಲೇ ಉಬ್ಬಿ ಬಂತು. ಜನವರಿಯಲ್ಲಿ ಅಪ್ಪನ ಪುಣ್ಯತಿಥಿ. ಅಂದು ಸಭಾಗೃಹದಲ್ಲಿ ಆ ಚಿತ್ರ ಅನಾವರಣ ಮಾಡಿಸುವುದು, ತ್ರ್ಯಂಬಕನ ಭಾಷಣ, ಆಮೇಲೆ ತನ್ನ ಗಾಯನ ಎಂದು ಚಹಾ ಆರುವುದರೊಳಗೆ ಎಲ್ಲ ನಿಶ್ಚಯಿಸಿದ. ಅಪ್ಪನ ಜುಬ್ಬಾಗಳು ಅವನಿಗೆ ಸರಿಯಾಗಿ ಹೊಂದುತ್ತವೆ. ಉಳಿದದ್ದು ಹೊಂದುವುದಿಲ್ಲ. ಆದರೆ ನರಹರಿಬುವಾ ಅವರ ಮಗನ ಜುಬ್ಬಾ ನೋಡಿ ತಲೆಯಾಡಿಸುವ ಜನ ಈ ಊರಿನಲ್ಲಿ ಸಾಕಷ್ಟಿದ್ದಾರೆ.

ಸ್ವರಗಳನ್ನು ಅಂಕಿಗೆ ಇಳಿಸುವ ಕತ್ತೆದುಡಿತ ನನ್ನ ಪಾಲಿಗೆ. “ಸ್ವರಾನೂ ತಿಳೀಬೇಕು, ಲೆಕ್ಕಾನೂ ಬರಬೇಕು. ಧಾರವಾಡದಾಗ ಎರಡೂ ಇರೋದು ನಿಮಗೊಬ್ಬರಿಗೇ ಅಕ್ಕಾ.” ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸುವವಳಿಗೆ ಇಂಥ ಮಾತು ದಿನಾ ಬೀಳುವುದಿಲ್ಲ. ಹೂಂ ಅಂದೆ. ಬೇರೆಯವರು ತಪ್ಪು ಬರೆದು ಅಪ್ಪನನ್ನು ಕೆಡಿಸಬಾರದೆಂದು ಒಪ್ಪಿದೆ ಎಂದು ಇಲ್ಲಿ ಬರೆದಿಡುತ್ತೇನೆ. ಹೊಗಳಿಕೆಗೆ ಒಪ್ಪಿದೆ ಎಂದು ಬರೆಯಲು ಮನಸ್ಸಿಲ್ಲ.

೧೬ ಜುಲೈ

ಸಾಹುಕಾರರ ಮನೆಯಿಂದ ಟೇಪ್ ರಿಕಾರ್ಡರ್ ಬಂತು. ನಡುಮನೆಯಲ್ಲಿ ಇಟ್ಟು, ಗುಂಡಿ ಒತ್ತಿ, ಅಪ್ಪನ ಮೊದಲ ನಿಷಾದ ಬಂದದ್ದೇ ಅವ್ವ ಎದ್ದು ಅಡಿಗೆಮನೆಗೆ ಹೋದಳು. ಆಮೇಲೆ ಹೊರಗೆ ಬರಲಿಲ್ಲ.

ಐವತ್ತೊಂಬತ್ತನೆಯ ಇಸವಿಯ ಆ ಸಂಜೆ ನನಗೆ ನೆನಪಿದೆ. ನಾನು ಹಿಂದೆ ತಂಬೂರಿಗೆ ಕೂತಿದ್ದೆ, ಯಾವಾಗಿನ ಹಾಗೆ. ಯಜ್ಞೇಶ ಬಂದಿರಲಿಲ್ಲ, ಅವನಿಗೆ ಅವತ್ತು ಗದಗಿನಲ್ಲಿ ಹೆಣ್ಣು ನೋಡುವುದಿತ್ತು.

ತ್ರ್ಯಂಬಕ ಚೌಕಳಿ ಹಾಕಿದ ದೊಡ್ಡ ಹಾಳೆಗಳ ಕಟ್ಟು ತಂದಿದ್ದ. ತಾಳದ ಒಂದು ಸುತ್ತು ಒಂದು ಸಾಲು. ಸುತ್ತಿಗೆ ಹನ್ನೆರಡು ಮಾತ್ರೆ.

“ಮಷೀನು ಒಂದು ಸಾಲಿನ್ಯಾಗ ನೂರಾ ಮೂವತ್ತೆರಡು ಗುರ್ತು ಒತ್ತತದ್ರೀ. ಅಂದ್ರ ಮಾತ್ರಾಕ್ಕ ಹನ್ನೊಂದು ಪಾಲು.”

“ಮಾತ್ರಾ ಹನ್ನೊಂದು ಪಾಲು ಮಾಡಿ ಯಾವ ಮಾರಾಯ ಹಾಡ್ಯಾನೋ?”

“ಕಾಗದ ಅಷ್ಟು ಅಗಲ ಅದರೀ ಅಕ್ಕಾ.”

“ಹಂಗಾದ್ರ ಕಾಗದಕ್ಕ ಹಾಡು ಅಂತ ಹೇಳು. ಅಪ್ಪನ್ನ ಯಾಕ ಎಳದಾಡ್ತಿ?”

ಎಂಟು ಪಾಲಿಗೆ ಇಳಿಸಿದೆ. ಮಿಕ್ಕ ಕಾಗದ ಅಂಚಿಗೆ ಖಾಲಿ ಇರಲಿ. ಪ್ರತಿ ಸಾಲೂ ಸಮ್‌ನಿಂದ, ಎಂದರೆ ಸುತ್ತಿನ ಮೊದಲ ಪೆಟ್ಟಿನಿಂದ, ಶುರುವಾಗಬೇಕು ಎಂದ. ಆಗ ಸಮ್‌ಗಳೆಲ್ಲ ಎಡಕ್ಕೆ ಒಂದರ ಕೆಳಗೊಂದು ಕೂಡುತ್ತವೆ. ಇದು ಮೂರ್ಖನ ವಿಚಾರವಲ್ಲ. ಎಲ್ಲಿಂದಲೋ ಅಕಸ್ಮಾತ್ ಬಂದಿರಬೇಕು.

೬ ಆಗಸ್ಟ್

ಸಾಲಿಯಿಂದ ಬಂದು ದೀಪ ಹಚ್ಚುವವರೆಗೆ ಇದೇ ಕೆಲಸ. ಸ್ವಲ್ಪ ಕೇಳು, ನಿಲ್ಲಿಸು, ಹಿಂದಕ್ಕೆ ತಿರುಗಿಸು, ಮತ್ತೆ ಕೇಳು. ಮಂದ್ರದ ಸ್ವರಗಳಿಗೆ ಒಂದರಿಂದ ಹನ್ನೆರಡು, ಮಧ್ಯ ಷಡ್ಜ ಹದಿಮೂರು, ಹಾಗೇ ಮೇಲಕ್ಕೆ. ಮಂದ್ರ ನಿಷಾದ ಹನ್ನೆರಡು, ರಿಷಭ ಹದಿನಾಲ್ಕು, ಗಾಂಧಾರ ಹದಿನೇಳು. ಅಪ್ಪ ಇದನ್ನು ನೋಡಿದ್ದರೆ ಕಿರಾಣಿ ಅಂಗಡಿಯ ಯಾದಿ ಎನ್ನುತ್ತಿದ್ದ.

ಅಪ್ಪ ನಿಲ್ಲಿಸಿದಲ್ಲಿ ಸೊನ್ನೆ. ಹಿಂದೆ ತಂಬೂರಿಗೆ ಕೂತವರು ಅಲ್ಲಿ ಎತ್ತಿಕೊಂಡು ತುಂಬಿಕೊಡುತ್ತಾರೆ, ಅದು ಲೆಕ್ಕಕ್ಕಿಲ್ಲ. ಗುರುವಿನ ಹಾಡು ಬರೆದುಕೊಳ್ಳುವವರು ಗುರುವಿನದನ್ನಷ್ಟೇ ಬರೆಯುತ್ತಾರೆ. ಹಾಗೇ ಕಲಿತದ್ದು, ಹಾಗೇ ಬರೆಯುತ್ತಿದ್ದೇನೆ. ಕೆಲವು ಕಡೆ ಸಾಲಿಗೆ ಸಾಲೇ ಸೊನ್ನೆ. ಕೈಗೆ ಅಷ್ಟು ವಿಶ್ರಾಂತಿ.

ಯಜ್ಞೇಶ ಒಮ್ಮೆ ಬಾಗಿ ನೋಡಿ, “ಅಬ್ಬಾ, ಏನು ತಾಳ್ಮಿ ಅಕ್ಕಾ ನಿಂದು!” ಅಂದ. ತಾಳ್ಮೆ ಎನ್ನುವುದು, ತಾವು ಮಾಡದ ಕೆಲಸಕ್ಕೆ ಗಂಡಸರು ಕೊಡುವ ಬಿರುದು.

೨೭ ಆಗಸ್ಟ್

ಜಗಳ. ಗಾಂಧಾರದಿಂದ ರಿಷಭಕ್ಕೆ ಅಪ್ಪ ಇಳಿಯುತ್ತಾನಲ್ಲ, ಆ ಜಾರುವಿಕೆಗೆ ಯಾವ ಅಂಕಿ ಎಂದು ಕೇಳಿದೆ.

“ನಡುವಿಂದು ಬ್ಯಾಡ್ರೀ. ಹದಿನೇಳು ಬರೀರಿ, ಮುಂದ ಹದಿನಾಲ್ಕು ಬರೀರಿ.”

“ಅಪ್ಪ ಹಾಡಿದ್ದೇ ನಡುವಿಂದು. ಈ ಹದಿನೇಳು ಹದಿನಾಲ್ಕು ಹಾರ್ಮೋನಿಯಮ್ ಪೆಟಗಿಗೂ ಬರ್ತಾವ.”

ತ್ರ್ಯಂಬಕ ತಲೆ ಕೆರೆದುಕೊಂಡು, “ಹಂಗಾದ್ರ ನಡುವಿನ ಮನಿಗೆ ಹದಿನಾರು, ಹದಿನೈದು ತುಂಬ್ರಿ. ದೂರ ನಿಂತು ನೋಡಿದವರಿಗೆ ಇಳಕಲಾಗೇ ಕಾಣ್ತದ,” ಅಂದ. ಪೂರಿಯಾದಲ್ಲಿ ಹದಿನೈದು, ಹದಿನಾರು ನಿಷಿದ್ಧ. ಆದರೆ ಜಾರುವವರು ಅವುಗಳ ಮೇಲಿಂದಲೇ ಹಾಯಬೇಕು. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ. ಅವನಿಗೆ ಹೇಳಲಿಲ್ಲ. ಮೊದಲೇ ಉಬ್ಬಿದ್ದಾನೆ.

೧೦ ಸೆಪ್ಟೆಂಬರ್

ನಾನು ಬರೆದು ಕೊಟ್ಟ ಹಾಳೆಗಳನ್ನು ಅವನು “ಸ್ವಚ್ಛ ಪ್ರತಿ” ಮಾಡಿ ತಂದ. ಎರಡನೆಯ ಸಾಲಿನಲ್ಲೇ ಧೈವತವಿದ್ದಲ್ಲಿ ಪಂಚಮ. ಪಂಚಮವೇ ಇಲ್ಲದ ಪೂರಿಯಾದಲ್ಲಿ ಪಂಚಮ! ಹಾಳೆಗಳನ್ನು ಕಸಿದುಕೊಂಡು, ಇನ್ನು ಪ್ರತಿಯನ್ನೂ ನಾನೇ ಮಾಡುತ್ತೇನೆ, ನೀನು ಮುಟ್ಟಬೇಡ ಎಂದೆ. ನನಗೆ ಈ ಆಟದಲ್ಲಿ ಯಾವ ಆಸಕ್ತಿಯೂ ಇಲ್ಲ. ತಪ್ಪು ಸಹಿಸಲಾರೆ, ಅಷ್ಟೇ.

ನಿನ್ನೆ ಎಂಟನೆಯ ಇಯತ್ತೆಯಲ್ಲಿ ಬೋರ್ಡಿನ ಮೇಲೆ ೧೨, ೧೪, ೧೭ ಎಂದು ಬರೆದೆ, ಯಾವುದೋ ಸರಾಸರಿ ಲೆಕ್ಕ. ಹಿಂದೆ ಹುಡುಗಿಯರು ಕಿಸಕ್ಕೆಂದು ನಕ್ಕರು. ಆ ಅಂಕಿಗಳನ್ನು ನಾನು ಗುನುಗಿದೆನಂತೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ಸಂಜೆಯ ರಾಗ ಪೂರಿಯಾ. ಅಪ್ಪ ಇದ್ದಿದ್ದರೆ ಚಪ್ಪಲಿ ತೆಗೆದುಕೊಳ್ಳುತ್ತಿದ್ದ.

೩ ಅಕ್ಟೋಬರ್

ಎಲ್ಲ ಹಾಳೆ ಕೊಟ್ಟೆ. ಟೇಪ್ ರಿಕಾರ್ಡರ್ ಹುಬ್ಬಳ್ಳಿಗೆ ವಾಪಸ್ಸು ಹೋಯಿತು. ಮನೆ ಸುಮ್ಮನಿದೆ. ಒಳ್ಳೆಯದು.

೧೯ ನವೆಂಬರ್

ಚಿತ್ರ ಬಂತು.

ಮುಂಬಯಿಯಿಂದ ತ್ರ್ಯಂಬಕ ಅದನ್ನು ಹಸುಗೂಸಿನ ಹಾಗೆ ಎದೆಗವಚಿ ತಂದ. ಉದ್ದಕ್ಕೆ ಮಡಿಕೆ ಮಡಿಕೆಯಾದ ಕಾಗದ, ಎರಡೂ ಅಂಚಿಗೆ ಸಣ್ಣ ತೂತು. ನಡುಮನೆಯಲ್ಲಿ ಜಮಖಾನೆ ಹಾಸಿ ಅದರ ಮೇಲೆ ಬಿಚ್ಚಿದೆವು. ಬಗ್ಗಿ ನೋಡಿದರೆ ಬರೀ ಚುಕ್ಕೆ, ಅಡ್ಡಗೆರೆ, ಇಂಗ್ಲಿಷಿನ ಎಕ್ಸು, ಓ, ಒಂದರ ಮೇಲೊಂದು ಒತ್ತಿದ ಮಸಿ. ಕೆಳಸ್ವರಕ್ಕೆ ತೆಳು, ಮೇಲುಸ್ವರಕ್ಕೆ ದಟ್ಟ. ಟೈಪರೈಟರಿಗೆ ಹುಚ್ಚು ಹಿಡಿದರೆ ಹೀಗೇ ಬರೆದೀತು ಅಂದುಕೊಂಡೆ.

ಅವ್ವ ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು ನೋಡಿದಳು. ಅಷ್ಟು ದೂರದಿಂದ.

“ಯವ್ವ, ಸೆರಗು ನೇದಾರಲ್ಲ,” ಅಂದಳು.

ಹೋಗಿ ಅವಳ ಮಗ್ಗುಲಿಗೆ ನಿಂತೆ. ಖರೆ. ಪ್ರತಿ ಸುತ್ತಿನ ಕೊನೆಗೆ ಅಪ್ಪ ಚೀಜಿನ, ಎಂದರೆ ಹಾಡಿನ ಸಾಲಿನ, ಅದೇ ಮೊದಲ ತುಣುಕು ಹಿಡಿದು ಸಮ್‌ಗೆ ಬರುತ್ತಾನಲ್ಲ, ಅದು ಬಲಕ್ಕೆ ಮೇಲಿಂದ ಕೆಳತನಕ ಒಂದೇ ಸಮನೆ ದಡಿಯಾಗಿ ನಿಂತಿತ್ತು. ಎಡಕ್ಕೆ ಸಮ್‌ನ ಕಪ್ಪು ಗೆರೆ. ನಡುವೆ ಮಂದ್ರದಿಂದ ಮೆಲ್ಲಗೆ ಏರುವ ಛಾಯೆ, ಸಾಲಿನಿಂದ ಸಾಲಿಗೆ ಗಟ್ಟಿಯಾಗುತ್ತ, ಸಂಜೆ ಕವಿದ ಹಾಗೆ. ಏನಾದರೂ ಅಂದರೆ ತ್ರ್ಯಂಬಕ ಅದನ್ನು ಊರೆಲ್ಲ ಹೇಳುತ್ತಾನೆ.

“ಆದ್ರ ನಡನಡುವ ಹುಳಾ ತಿಂದಾವ,” ಅಂದಳು ಅವ್ವ.

ಬಿಳಿ ಜಾಗಗಳು. ಕೆಲವು ಅಂಗೈ ಅಗಲ, ಕೆಲವು ಸಾಲಿಗೆ ಸಾಲೇ. ಯಜ್ಞೇಶ ಚಿತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಣ್ಣು ಮುಚ್ಚಿ ತೆರೆದು ಅಂದ, “ಹುಳಾ ಅಲ್ಲವ್ವಾ, ಅದು ಮೌನ. ಎಂಥಾ ಮೌನ ನೋಡ್ರಿ! ಉಳಿದ ಗವಾಯಿಗಳು ಗದ್ದಲಾ ಹಾಕ್ತಾರ. ಅಪ್ಪ ಸುಮ್ಮನಿರಬಲ್ಲವರಾಗಿದ್ರು.”

ತ್ರ್ಯಂಬಕ ಜೇಬಿನಿಂದ ಪೆನ್ನು ತೆಗೆದು ಆ ಮಾತು ಬರೆದುಕೊಂಡ. ಭಾಷಣಕ್ಕೆ.

೨೦ ನವೆಂಬರ್

ಆ ಬಿಳಿ ಜಾಗಗಳಲ್ಲಿ ಹಾಡುತ್ತಿದ್ದವಳು ನಾನು.

ಅಪ್ಪನಿಗೆ ಆ ವರ್ಷ ದಮ್ಮು ಬಲಿತಿತ್ತು. ಅಪ್ಪ, ಅವ್ವ, ನಾನು, ಈ ಮೂವರಿಗಷ್ಟೇ ಗೊತ್ತಿತ್ತು. ಉಸಿರು ಕಟ್ಟಿದಾಗ ಎಡಗೈಯನ್ನು ಹಿಂದಕ್ಕೆ, ಜಮಖಾನೆಯ ಮೇಲೆ ಊರುತ್ತಿದ್ದ. ಮುಂದಿನವರಿಗೆ ಅದು ಆರಾಮಾಗಿ ಕೂತ ಹಾಗೆ ಕಾಣುತ್ತಿತ್ತು. ಆ ಕೈ ಕಂಡ ಕೂಡಲೆ ನಾನು ಎತ್ತಿಕೊಳ್ಳಬೇಕು. ಅವನು ಬಿಟ್ಟ ಸ್ವರದಿಂದ, ಅವನದೇ ಧಾಟಿಯಲ್ಲಿ, ಬೇರೆ ಎಂದು ಗೊತ್ತಾಗದ ಹಾಗೆ. ಆ ಸಂಜೆ ಸುತ್ತಿಗೆ ಸುತ್ತೇ ನಾನು ಹಾಡಿದೆ. ಯಾರಿಗೂ ಗೊತ್ತಾಗಲಿಲ್ಲ. ಅದೇ ನನ್ನ ಹೆಚ್ಚುಗಾರಿಕೆ ಎಂದು ನಂಬಿದ್ದೆ. ನನಗೆ ಲಗ್ನದ ಮಾತು ಬಂದಾಗಲೆಲ್ಲ ಅಪ್ಪ, “ತಂಬೂರಿಗೆ ಯಾರು ಕೂಡಬೇಕು?” ಅನ್ನುತ್ತಿದ್ದ. ಅದನ್ನೂ ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಸುಮ್ಮನಿರಬಲ್ಲವರಂತೆ! ಅಪ್ಪ ಊಟಕ್ಕೆ ಕೂತಾಗಲೂ ಸುಮ್ಮನಿದ್ದವನಲ್ಲ.

೩ ಡಿಸೆಂಬರ್

ಎರಡು ವಾರದಿಂದ ಯಜ್ಞೇಶ ಮೌನದ ರಿಯಾಜು ಮಾಡುತ್ತಿದ್ದಾನೆ. ಬರೆದಿಡದಿದ್ದರೆ ಮುಂದೆ ನಾನೇ ನಂಬಲಿಕ್ಕಿಲ್ಲ. ಅರ್ಧ ಸುತ್ತು ಹಾಡುತ್ತಾನೆ. ನಿಲ್ಲಿಸುತ್ತಾನೆ. ಬಲಗೈ ಎತ್ತಿ ಬೆರಳು ಅರಳಿಸಿ, ಬಸ್ಸಿಗೆ ಕೈ ಮಾಡಿದವರ ಹಾಗೆ ಕೂಡುತ್ತಾನೆ. ಒಂದು ಸುತ್ತು ಹೋಗುತ್ತದೆ, ಎರಡು ಹೋಗುತ್ತವೆ. ಅವ್ವ ಒಳಗಿನಿಂದ ಕೂಗುತ್ತಾಳೆ, “ಯಾಕೋ, ಮರತೇನು?”

“ಅವ್ವಾ, ಇದು ಅಪ್ಪಂದು ಶೈಲಿ.”

“ನಿಮ್ಮಪ್ಪನ ಕೂಡ ನಲವತ್ತು ವರ್ಷ ಸಂಸಾರಾ ಮಾಡೇನಿ. ಈ ಶೈಲಿ ನನಗೊಂದಿನಾನೂ ಸಿಗಲಿಲ್ಲ.”

ನಗು ಬಂತು. ನಕ್ಕು ಮುಗಿದ ಮೇಲೆ ಬಹಳ ಹೊತ್ತು ತಲೆ ನೋಯುತ್ತಿತ್ತು.

ತ್ರ್ಯಂಬಕ ತನ್ನ ಭಾಷಣವನ್ನು ಇಂಗ್ಲಿಷಿನಲ್ಲಿ ಬರೆದು ತಿದ್ದಲು ಕೊಟ್ಟಿದ್ದಾನೆ. ವಿಷಯ, ಒಬ್ಬ ಮಹಾ ಗಾಯಕನ ಮೌನದ ಜ್ಯಾಮಿತಿ. ಸೊನ್ನೆಗಳು ಎಷ್ಟು, ಎಲ್ಲೆಲ್ಲಿ, ಯಾವ ಪ್ರಮಾಣದಲ್ಲಿ ಎಂದು ಕೋಷ್ಟಕ ಹಾಕಿದ್ದಾನೆ. ನಾನಿಲ್ಲದಿರುವಿಕೆಯ ಸರಾಸರಿ ತೆಗೆದಿದ್ದಾನೆ. ಕೂತು ವ್ಯಾಕರಣ ತಿದ್ದಿದೆ, ಅಲ್ಪವಿರಾಮ ಹಾಕಿದೆ, ಒಂದು ಕಡೆ ವಾಕ್ಯ ಸೊಟ್ಟಗಿತ್ತು, ನೆಟ್ಟಗೆ ಮಾಡಿದೆ. ಸಿಸ್ಟರುಗಳು ಕಲಿಸಿದ ವಿದ್ಯೆ ಇಷ್ಟಾದರೂ ಉಪಯೋಗಕ್ಕೆ ಬಂತು.

ಆಗಲೇ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ? ಅವರು ಎಲ್ಲಿಯವರೆಗೆ ಹೋಗುತ್ತಾರೆ ನೋಡೋಣ ಎಂಬ ಕೆಟ್ಟ ಕುತೂಹಲ ಇತ್ತು. ಅದು ಅರ್ಧ. ಮಿಕ್ಕರ್ಧ ಏನು ಎಂದು ಗೊತ್ತಿಲ್ಲ.

೧೭ ಡಿಸೆಂಬರ್

ತಬಲಾದ ಗುರುಶಿದ್ದಪ್ಪ ಬಂದಿದ್ದ. ಅಪ್ಪನ ಕೊನೆಯ ವರ್ಷಗಳ ಕಚೇರಿಗೆಲ್ಲ ಅವನೇ ಬಾರಿಸಿದವನು. ಟೇಪಿನಲ್ಲೂ ಅವನ ತಬಲಾ ಇದೆ. ಜನವರಿಗೆ ಯಜ್ಞೇಶನಿಗೂ ಅವನೇ. ಗೋಡೆಗೆ ಹಚ್ಚಿದ ಚಿತ್ರವನ್ನು ಕೊರಳು ಸೊಟ್ಟ ಮಾಡಿ ನೋಡಿದ.

“ಅಲ್ರೀ, ಇಷ್ಟೆಲ್ಲಾ ಖಾಲಿ? ಬುವಾ ಅವರು ಆವತ್ತ ಇಷ್ಟು ಸುಮ್ಮ ಕುಂತಿದ್ರ ನನ್ನ ಕೈ ನೋಯತಿದ್ದಿಲ್ಲ ಬಿಡ್ರಿ.”

ಚಹಾದ ಲೋಟ ಅವನ ಮುಂದಿಟ್ಟು ಕೇಳಿದೆ, “ಹಂಗಾದ್ರ ಅಲ್ಲೇನಿತ್ತು, ಗುರುಶಿದ್ದಪ್ಪಾ?”

ಅವನು ಅಡಿಕೆ ಅಗಿಯುತ್ತ ನೆನಪಿಸಿಕೊಂಡ. “ಹಾಡಾಕತ್ತಿದ್ರಲ್ರೀ ಹಿಂದ… ಯಾರೋ. ಛಲೋ ಹಾಡತಿದ್ರು. ಯಾರಂತೀರಿ, ನೆಪ್ಪಾಗವಲ್ದು.”

ಅವನಿಗೆ ಇನ್ನೊಂದು ಲೋಟ ಚಹಾ ಕೊಟ್ಟೆ. ಅವನು ನನ್ನ ಕೈಯಿಂದಲೇ ತೆಗೆದುಕೊಂಡ.

೬ ಜನವರಿ ೧೯೬೮

ಇವತ್ತು ಯಜ್ಞೇಶನಿಗೆ ಹೇಳಿದೆ. ಜುಬ್ಬಾಕ್ಕೆ ಇಸ್ತ್ರಿ ಮಾಡುತ್ತಿದ್ದ. ಅಪ್ಪ ಆ ಜಾಗಗಳಲ್ಲಿ ಸುಮ್ಮನಿರಲಿಲ್ಲ, ದಮ್ಮಿನಿಂದ ನಿಲ್ಲಿಸಿದ್ದ, ಅಲ್ಲಿ ನಾನು ಹಾಡಿದ್ದೇನೆ ಎಂದೆ.

ಅವನಿಗೆ ಆಶ್ಚರ್ಯವಾಗಲಿಲ್ಲ. ಅದು ನನಗೆ ಆಶ್ಚರ್ಯ.

“ಗೊತ್ತದ ಅಕ್ಕಾ. ಚಿತ್ರಾ ಬಂದ ಮರುದಿನಾ ಹುಬ್ಬಳ್ಳಿಗೆ ಹೋಗಿ ಟೇಪ್ ಕೇಳಿದೆ. ಆದ್ರ ಅದು ಹಿಂದಿನ ದನಿ. ಹಿಂದಿನ ದನಿ ಯಾರು ಹಿಡೀತಾರ? ನಾಳೆ ನಾ ಹಾಡಿದಾಗ ನನ್ನ ಹಿಂದ ಯಾರರೆ ಹಾಡಿದ್ರ ಅದು ನಂದೇ ಕಚೇರಿ.”

“ಹಂಗಂತ ಅದನ್ನ ಮೌನ ಅಂತ ಕರೀತೀಯಾ? ಊರ ಮುಂದ?”

“ಪತ್ರಿಕಾ ಹಂಚ್ಯಾಗೇದ. ಅಪ್ಪಗ ಉಸರು ಸಾಲತಿದ್ದಿಲ್ಲ, ಮಗಳು ಮುಚ್ಚಿಕೊಂಡು ಹೋದಳು ಅಂತ ಪುಣ್ಯತಿಥಿ ದಿನಾ ಹೇಳಲೇನು?” ಇಸ್ತ್ರಿ ಬದಿಗಿಟ್ಟು ನನ್ನ ಕಡೆ ನೋಡಿದ. “ಮತ್ತ, ಸೊನ್ನಿ ಬರದಾಕಿ ನೀನ ಅಲಾ?”

ಅವನನ್ನು ಬೈದು ಎರಡು ಪುಟ ತುಂಬಿಸಬೇಕೆಂದು ಕೂತೆ, ಆಗುತ್ತಿಲ್ಲ. ಅಷ್ಟೊಂದು ಸೊನ್ನೆ ಬರೆಯುವಾಗ ನನ್ನ ಕೈ ಒಮ್ಮೆಯೂ ನಿಲ್ಲಲಿಲ್ಲ. ಕೈಗೆ ವಿಶ್ರಾಂತಿ ಎಂದು ಬರೆದಿದ್ದೇನೆ, ಇದೇ ವಹಿಯಲ್ಲಿ. ಯಾರೂ ನನ್ನನ್ನು ಅಳಿಸಲಿಲ್ಲ. ಪೆನ್ಸಿಲು ನನ್ನ ಕೈಯಲ್ಲೇ ಇತ್ತು.

ಹೋಗುವಾಗ ಬಾಗಿಲಲ್ಲಿ ತಿರುಗಿ, ಮೆಲ್ಲಗೆ, “ತಂಬೂರಿಗೆ ನೀ ಕೂಡತೀಯಲಾ? ಬ್ಯಾರೆ ಯಾರು ಅದಾರ?” ಅಂದ. ಅಪ್ಪನದೇ ಪ್ರಶ್ನೆ. ಹೂಂ ಅಂದೆ. ಈ ಹೂಂ ನನ್ನ ಹೊಟ್ಟೆಯಲ್ಲಿ ಹುಟ್ಟುವುದಿಲ್ಲ. ನಾಲಿಗೆಯ ತುದಿಯಲ್ಲೇ ಮನೆ ಕಟ್ಟಿಕೊಂಡಿದೆ.

೧೪ ಜನವರಿ

ಎಳ್ಳುಬೆಲ್ಲ. ತ್ರ್ಯಂಬಕನ ಹೆಂಡತಿ ಕುಸುರೆಳ್ಳು ಕೊಟ್ಟು, “ಒಳ್ಳೆ ಮಾತಾಡೋಣ ಅಕ್ಕಾ,” ಅಂದಳು. ಹವೆಯ ಬಗ್ಗೆ ಮಾತಾಡಿದೆ.

೨೧ ಜನವರಿ

ಮನಸ್ಸು ನಿಲ್ಲುತ್ತಿಲ್ಲ, ಆದರೂ ಆದ ಕ್ರಮದಲ್ಲೇ ಬರೆಯುತ್ತೇನೆ.

ಸಭಾಗೃಹ ತುಂಬಿತ್ತು. ಅಧ್ಯಕ್ಷರು ಪರದೆ ಸರಿಸಿದರು. ಗಾಜು ಹಾಕಿಸಿದ ಚಿತ್ರ, ಅದರ ಮೇಲೆ ದೀಪ. ದೂರದಿಂದ ಚೆಲುವಾಗಿತ್ತು, ಅದನ್ನು ಒಪ್ಪುತ್ತೇನೆ. ತ್ರ್ಯಂಬಕ ನಾನು ತಿದ್ದಿದ ಇಂಗ್ಲಿಷಿನಲ್ಲಿ ಮೌನದ ಮೇಲೆ ಮಾತಾಡಿದ. ಕೋಲಿನಿಂದ ಒಂದೊಂದು ಬಿಳಿ ಜಾಗ ತೋರಿಸಿದ. ಜನ ನಿಟ್ಟುಸಿರು ಬಿಟ್ಟರು. ಮುಂದಿನ ಸಾಲಿನ ವಕೀಲರೊಬ್ಬರು ಕಣ್ಣೊರೆಸಿಕೊಂಡರು. ಇಷ್ಟು ಜನ ಒಟ್ಟಿಗೆ ನನ್ನನ್ನು ಮೆಚ್ಚಿಕೊಂಡದ್ದು ಇದೇ ಮೊದಲು, ಅದೂ ನಾನಿಲ್ಲ ಎಂದು.

ಹೊತ್ತು ಮುಳುಗುವ ಸಮಯಕ್ಕೆ ಯಜ್ಞೇಶ ಪೂರಿಯಾ ಎತ್ತಿಕೊಂಡ. ನಾನು ಹಿಂದೆ, ತಂಬೂರಿಗೆ. ಅವ್ವ ಹೆಂಗಸರ ಕಡೆ ಮೊದಲ ಸಾಲಿನಲ್ಲಿ. ಎರಡು ಸುತ್ತು ನೆಟ್ಟಗೆ ಹೋದವು. ಮೂರನೆಯದರಲ್ಲಿ ಸಮ್‌ಗೆ ಬಂದು ನಿಲ್ಲಿಸಿದ. ಕೈ ಎತ್ತಿದ. ಬಸ್ಸು.

ಗುರುಶಿದ್ದಪ್ಪನ ತಬಲಾದ ಠೇಕಾ ನಡೆದಿತ್ತು. ಜನ ತಲೆ ತಗ್ಗಿಸಿದರು, ದೇವರ ಪೂಜೆಯಲ್ಲಿ ಗಂಟೆ ನಿಂತಾಗ ತಗ್ಗಿಸುವ ಹಾಗೆ. ನನಗೆ ಆ ಸಾಲು ಕಂಡಿತು. ಚೌಕಳಿ ಹಾಳೆ, ಒಂದರ ಮಗ್ಗುಲಿಗೊಂದು ನನ್ನ ದುಂಡು ಸೊನ್ನೆಗಳು. ಅವುಗಳ ಕೆಳಗೆ ಯಾವ ಸ್ವರಗಳಿದ್ದವು ಎಂದು ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು. ಹನ್ನೆರಡು, ಹದಿನಾಲ್ಕು, ಹದಿನೇಳು. ಯೋಚಿಸಿದೆ ಎಂದು ಹೇಳಲಾರೆ. ಹಿಂದಿನ ದನಿಯಲ್ಲಿ ಹಾಡಲಿಲ್ಲ, ಅದೊಂದು ಹೇಳಬಲ್ಲೆ. ಯಾರ ದನಿಯ ಕೆಳಗೂ ಅಡಗಲಿಲ್ಲ. ಗಂಟಲು ಜಂಗು ಹಿಡಿದಿತ್ತು, ಗಾಂಧಾರ ಸ್ವಲ್ಪ ಕೆಳಗೇ ನಿಂತಿತು, ಆಮೇಲೆ ಏರಿತು.

ಯಜ್ಞೇಶ ತಿರುಗಿ ನೋಡಿದ. ಗುರುಶಿದ್ದಪ್ಪ ಬಾರಿಸುತ್ತಲೇ, ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, “ಅಗಾ! ಇವರ ನೋಡ್ರಿ ಅವರು!” ಅಂದ.

ಜನ ಆ ಮಾತಿಗೆ ಯಾವ ಅರ್ಥ ಮಾಡಿದರೋ ತಿಳಿಯದು. ತ್ರ್ಯಂಬಕ ಮಾತ್ರ ಕುರ್ಚಿಯಿಂದ ಅರ್ಧ ಎದ್ದು, ಗೋಡೆಯ ಚಿತ್ರ ನೋಡಿದ, ನನ್ನನ್ನು ನೋಡಿದ, ಮತ್ತೆ ಚಿತ್ರ ನೋಡಿದ.

ಸುತ್ತು ತುಂಬಿಸಿ ಸಮ್ ಯಜ್ಞೇಶನ ಕೈಗೆ ಕೊಟ್ಟೆ. ಆಮೇಲೆ ಅವನು ಒಂದು ಜಾಗವನ್ನೂ ಖಾಲಿ ಬಿಡಲಿಲ್ಲ. ಮೌನದ ಸಾಧನೆ ಅಲ್ಲಿಗೆ ಮುಗಿಯಿತು, ಗಂಟಲಿನ ನರ ಉಬ್ಬಿಸಿಕೊಂಡು ಒಂದೇ ಸಮ ಹಾಡಿದ. ಅವನ ಬೆನ್ನು ಬೆವತು ಜುಬ್ಬಾ ಅಂಟಿಕೊಂಡಿತು. ಹಾಡಲಿ, ಎಷ್ಟು ಹೊತ್ತು ಹಾಡುತ್ತಾನೆ ನೋಡೋಣ ಎಂದು ತಂಬೂರಿ ಮೀಟುತ್ತಿದ್ದೆ.

ತಾರ ಷಡ್ಜಕ್ಕೆ ಹೋಗಿ ಬಂದ ಮೇಲೆ ಅವನ ಉಸಿರು ಖರೇನೇ ಮುಗಿಯಿತು. ತಿರುಗಿ ನೋಡಲಿಲ್ಲ. ಎಡಗೈಯನ್ನು ಹಿಂದಕ್ಕೆ ತಂದು, ಜಮಖಾನೆಯ ಮೇಲೆ, ನನ್ನ ಮೊಣಕಾಲಿನ ಹತ್ತಿರ ಊರಿದ.

ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪನ ಕೊನೆಯ ಕಾಲದ ಯಾವುದೋ ಕಚೇರಿಯಲ್ಲಿ ಮಗ್ಗುಲಿನಿಂದ ನೋಡಿರಬೇಕು. ಒಂದು ಮಾತ್ರೆ ಬಿಟ್ಟೆ. ಅಷ್ಟು ಅವನಿಗೆ ತಾಗಲಿ ಎಂದೇ ಬಿಟ್ಟೆ. ಆಮೇಲೆ ಎತ್ತಿಕೊಂಡೆ.

೨೨ ಜನವರಿ

ಯಜ್ಞೇಶ ಮಾತು ಬಿಟ್ಟಿದ್ದಾನೆ. ಬೆಳಿಗ್ಗೆ ನಾನು ಮಾಡಿದ ಉಪ್ಪಿಟ್ಟನ್ನು ಎರಡು ಸಲ ಬಡಿಸಿಕೊಂಡ. ಮಾತು ಬಿಟ್ಟ ಗಂಡಸರು ಉಪ್ಪಿಟ್ಟು ಬಿಡುವುದಿಲ್ಲ.

ಅವ್ವ, “ಗಾಂಧಾರ ಇಳದಿತ್ತು,” ಅಂದಳು. ತಾಟು ಎತ್ತುತ್ತ, “ನೀ ಹಾಡಿ ಒಂಬತ್ತು ವರ್ಷ ಆತಲಾ,” ಅಂದಳು.

೨೮ ಜನವರಿ

ತ್ರ್ಯಂಬಕ ಬಂದ. ಮುಖ ಸಪ್ಪಗಿತ್ತು. ಭಾಷಣ ಹರಿದು ಹಾಕಿದೆ ಅಂದ. ಹರಿಯುವ ಮೊದಲು ನನಗೆ ತೋರಿಸಬೇಕಿತ್ತು, ಅಲ್ಪವಿರಾಮಗಳು ಬಹಳ ಚೆನ್ನಾಗಿದ್ದವು.

“ನೀವು ಮೊದಲ ಹೇಳಬಾರದಾಗಿತ್ತೇನ್ರೀ ಅಕ್ಕಾ? ನನ್ನ ಕೈಲೇ ತಿದ್ದಿಸಿದ್ರೂ ಆಗತಿತ್ತು.”

“ನಿನಗ ಮೌನ ಬೇಕಾಗಿತ್ತು. ಕೊಟ್ಟೆ.”

ಮಾರ್ಚಿನಲ್ಲಿ ಮತ್ತೆ ಮುಂಬಯಿಗೆ ಹೋಗುತ್ತಾನಂತೆ, ಯಂತ್ರ ಒಂದು ತಾಸು ಸಿಗುತ್ತದಂತೆ, ಖಾಲಿ ಜಾಗ ತುಂಬಿಸಿ ಚಿತ್ರ ಮತ್ತೊಮ್ಮೆ ಒತ್ತಿಸಬಹುದಂತೆ. ನನ್ನ ಚೌಕಳಿ ಹಾಳೆಗಳ ಅದೇ ಕಟ್ಟನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟ. ಟೇಪ್ ರಿಕಾರ್ಡರ್ ಕೇಳಿ ತರುವವನು ಯಜ್ಞೇಶನಂತೆ. ಹಾಗೆಂದು ಅವನೇ ಹೇಳಿ ಕಳಿಸಿದ್ದಾನೆ, ಮಗ್ಗುಲ ಕೋಣೆಯಿಂದ, ಓಣಿಯ ಆಚೆ ಮನೆಯ ತ್ರ್ಯಂಬಕನ ಮೂಲಕ.

“ನಿಮ್ಮ ದನಿಗೆ ಬ್ಯಾರೆ ಗುರ್ತು ಒತ್ತಸಬೇಕೇನ್ರೀ? ಬುವಾ ಅವರದು ಬ್ಯಾರೆ, ನಿಮ್ಮದು ಬ್ಯಾರೆ ಕಾಣೋ ಹಂಗ?”

“ಹಂಗ ಮಾಡ್ಲಿಲ್ಲಂದ್ರ?”

“ಮಷೀನಿಗೇನು ತಿಳೀತದ್ರೀ. ಹದಿನೇಳು ಅಂದ್ರ ಹದಿನೇಳು. ಯಾರು ಮುಂದ ಕೂತಾರ, ಯಾರು ಹಿಂದ ಕೂತಾರ, ಅದಕ್ಕ ಗೊತ್ತಾಗಂಗಿಲ್ಲ.”

ಆರು ತಿಂಗಳಿನಿಂದ ಆ ಯಂತ್ರದ ಬಗ್ಗೆ ಕೇಳಿದ ಮೊದಲ ಒಳ್ಳೆಯ ಮಾತು. ಬೇರೆ ಗುರುತು ಬೇಡ ಅಂದೆ. ಒಂದು ಗಳಿಗೆ ಬಿಟ್ಟು, ಬೇಕು ಅಂದೆ. ಅವನು ಎರಡನ್ನೂ ಬರೆದುಕೊಂಡ.

ಅವನು ಹೋದ ಮೇಲೆ ಮೂರನೆಯ ಸಾಲಿನ ಹಾಳೆ ಹುಡುಕಿ ತೆಗೆದೆ. ಟೇಪ್ ಬರುವವರೆಗೆ ಕಾಯಬೇಕಾಗಿಲ್ಲ, ಇದಿಷ್ಟು ನನಗೆ ಬಾಯಿಪಾಠ. ತ್ರ್ಯಂಬಕ ಬಿಟ್ಟುಹೋದ ರಬ್ಬರಿನಿಂದ ಮೊದಲ ಸೊನ್ನೆ ಒರೆಸಿದೆ, ಕಾಗದವೇ ಕಿತ್ತು ಬಂತು. ದರಿದ್ರ ರಬ್ಬರು. ನಾಳೆ ಸಾಲಿಯಿಂದ ಬರುವಾಗ ಒಳ್ಳೆಯದೊಂದು ತರಬೇಕು. ಸೊನ್ನೆಗಳು ಬಹಳ ಇವೆ.